ಚಪ್ಪಲಿ ಬಿಡುವ ಜಾಗ

ಬೂಟು ಹೊಲಿಯುವ ದಾರದಿಂದ ಕಟ್ಟಿದ ಕನ್ನಡಕವನ್ನು ನಾನು ಅವತ್ತಿನ ತನಕ ನೋಡಿರಲಿಲ್ಲ. ನಕ್ಕುಬಿಟ್ಟೆ. ನನ್ನ ಮರ್ಯಾದೆ ಹೋಗಲು ಶುರುವಾದದ್ದು ಆ ನಗುವಿನಿಂದಲೇ.

"ಯಾಕೆ ನಗ್ತೀರಿ?" ಎಂದಳು ಕೌಂಟರಿನ ಆಚೆ ನಿಂತವಳು. "ಸ್ಕ್ರೂ ಬಿದ್ದುಹೋಯ್ತು. ಅಮ್ಮನಿಗೆ ಕಣ್ಣು ಕಾಣ್ಬೇಕಲ್ಲ, ಕಟ್ಟಿದೆ."

"ಕಟ್ಟಿರೋದು ಚೆನ್ನಾಗೇ ಇದೆ. ಆದ್ರೆ ಇದು ಕನ್ನಡಕ, ಬೂಟಲ್ಲ."

"ಬೂಟಾಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ದಾರ ಬಿಚ್ಚಲು ಹೋದೆ. ಬಿಚ್ಚಲಿಲ್ಲ. ಕತ್ತರಿ ಹಾಕಿದೆ, ಕತ್ತರಿ ಜಾರಿತು. ಅವಳು ಎರಡು ನಿಮಿಷ ಸುಮ್ಮನೆ ನೋಡಿ, ಚೀಲದಿಂದ ಪುಟ್ಟ ಚಾಕು ತೆಗೆದು ಒಂದೇ ಸಲಕ್ಕೆ ಗಂಟು ಕೊಯ್ದು, "ಈಗ ನಿಮ್ಮ ಕೆಲಸ ಮಾಡಿ" ಎಂದಳು. ಮೇಣ ಹತ್ತಿ ಅವಳ ಬೆರಳ ತುದಿಗಳು ಕಪ್ಪಾಗಿದ್ದವು. ನಾನು ಆ ಬೆರಳುಗಳನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಅದು ಅವಳಿಗೂ ಗೊತ್ತಾಯಿತು. ಕೈ ಹಿಂದಕ್ಕೆ ಎಳೆದುಕೊಂಡು, ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ತುಂಬ ಗಮನವಿಟ್ಟು ಓದತೊಡಗಿದಳು.

ನನ್ನದು ಕನ್ನಡಕದ ಅಂಗಡಿ. ಅದೇ ರಸ್ತೆಯಲ್ಲಿ ನಾಲ್ಕು ಅಂಗಡಿ ಆಚೆ ಅವಳದು. ಮೇಲಿನ ಹಿಮದ ಬೆಟ್ಟಗಳಲ್ಲಿ ಇರುವ ಶಿವನ ಗುಡಿಗೆ ನಡೆದುಹೋಗುವ ಯಾತ್ರಿಕರಿಗೆ ಅವರ ಮನೆಯವರು ಮೂವತ್ತು ವರ್ಷದಿಂದ ಬೂಟು ಹೊಲಿದು, ಹರಿದದ್ದನ್ನು ರಿಪೇರಿ ಮಾಡಿ ಕೊಡುತ್ತಿದ್ದರು. ಅಪ್ಪ ತೀರಿಕೊಂಡು ಎರಡು ವರ್ಷ. ಈಗ ಸೋಲ್ ಹಾಕುವುದು ಮಗಳು, ಮೇಲಿನ ತೊಗಲು ಹೊಲಿಯುವುದು ಅಮ್ಮ. ಅಮ್ಮನಿಗೆ ಕಣ್ಣು ಮಂದ. ಕನ್ನಡಕ ಹಾಕಿಕೊಂಡರೂ ಅರ್ಧ ಕೆಲಸ ಬೆರಳಲ್ಲೇ ನೋಡಿ ಮಾಡುತ್ತಿದ್ದರು.

ಆಮೇಲೆ ನಾನು ಆ ಅಂಗಡಿಗೆ ಹೋಗಲು ಶುರುಮಾಡಿದೆ. ನೆಪ ಒಂದೇ: "ಅಮ್ಮನ ಕನ್ನಡಕದ ಕಡ್ಡಿ ಸಡಿಲ ಆಗಿದೆಯೇನೋ, ನೋಡೋಣ ಅಂತ ಬಂದೆ." ಜಗತ್ತಿನ ಯಾವ ಕನ್ನಡಕವೂ ವಾರಕ್ಕೆ ಮೂರು ಸಲ ಸಡಿಲವಾಗುವುದಿಲ್ಲ.

"ಕಡ್ಡಿ ಗಟ್ಟಿಯಾಗೇ ಇದೆಯಪ್ಪಾ," ಎನ್ನುತ್ತಿದ್ದರು ಅಮ್ಮ, ನಗು ತಡೆದುಕೊಂಡು. "ಆದ್ರೂ ನೋಡು. ನಿನ್ನ ಸಮಾಧಾನಕ್ಕೆ."

ಅವಳು ತಲೆ ಎತ್ತದೆ ಸುತ್ತಿಗೆ ಬಡಿಯುತ್ತಿದ್ದಳು. ನಾನು ಬಂದಾಗ ಮಾತ್ರ ಏಟು ಸ್ವಲ್ಪ ಜೋರಾಗುತ್ತಿತ್ತು. ನನಗೆ ಅವಳಿಟ್ಟ ಹೆಸರು 'ಕನ್ನಡಕ'. "ಅಮ್ಮಾ, ಕನ್ನಡಕ ಬಂತು ನೋಡು," ಎನ್ನುವಳು. ಬಂದದ್ದು ನಾನೋ ವಸ್ತುವೋ ಎಂದು ಗಿರಾಕಿಗಳು ತಿರುಗಿ ನೋಡುವರು.

ಹಿಮ ಕರಗಿ ದಾರಿ ತೆರೆಯುವ ಹೊತ್ತಿಗೆ ನನ್ನ ಭಾವ ಒಂದು ದಿನ, "ನಾನು ಗುಡಿಗೆ ಹೋಗ್ತಿದ್ದೀನಿ, ಜೊತೆಗೆ ಬರ್ತೀಯೇನೋ?" ಎಂದ. ಭಾವನ ಹೊಟ್ಟೆ ಅವನಿಗಿಂತ ಒಂದು ಗೇಣು ಮುಂದೆ ನಡೆಯುತ್ತದೆ. ಅವನೇ ಹೊರಟ ಮೇಲೆ ನಾನು ಯಾವ ಲೆಕ್ಕ ಎಂದುಕೊಂಡು ಒಪ್ಪಿದೆ. ಒಪ್ಪಿದವನು ಸೀದಾ ಹೋಗಿ ಅವಳಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಒಪ್ಪಿದ್ದೇ ಅವಳಿಗೆ ಹೇಳುವುದಕ್ಕೆ.

ಸುತ್ತಿಗೆ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಹದಿನಾರು ಕಿಲೋಮೀಟರ್ ಏರು. ಈ ಶೂಸಲ್ಲಾ?"

"ಯಾಕೆ, ಪಾಲಿಶ್ ಚೆನ್ನಾಗಿದೆ."

"ಕಲ್ಲಿಗೆ ಪಾಲಿಶ್ ತೋರಿಸ್ತೀರಾ? ನಿಮ್ಮದು ಯಾವ ಸೈಜು?"

ಹೇಳಿದೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಮ್ಮ ತಲೆಯಾಡಿಸಿದರು. ಅವಳು ಏಣಿ ಹತ್ತಿ ಮೇಲಿನ ಹಲಗೆಯಿಂದ ಬಟ್ಟೆ ಸುತ್ತಿದ ಒಂದು ಜೊತೆ ಬೂಟು ಇಳಿಸಿದಳು. ಕಂದು ತೊಗಲು, ಎಣ್ಣೆ ಕುಡಿದು ಮೆತ್ತಗಾಗಿತ್ತು. ಸೋಲ್ ಹೊಚ್ಚಹೊಸದು.

"ಅಪ್ಪ ತಮಗೆ ಅಂತ ಹೊಲ್ಕೊಂಡಿದ್ದು," ಎಂದಳು. "ಮೂವತ್ತು ವರ್ಷ ಊರಿನೋರ ಕಾಲಿಗೆಲ್ಲ ಹೊಲಿದ್ರು. 'ನಾನು ಹೊಲಿದದ್ದೆಲ್ಲ ಅಲ್ಲಿಗೆ ಹೋಗಿ ಬಂತು, ನಾನೊಬ್ಬ ಉಳಿದೆ' ಅನ್ನೋರು. ಕೊನೇ ವರ್ಷ ಹೊರಟೇಬಿಡ್ತೀನಿ ಅಂತ ಇದನ್ನ ಮಾಡ್ಕೊಂಡ್ರು. ಹೊರಡ್ಲಿಲ್ಲ."

ಅಮ್ಮ ಮುಂದಿನದನ್ನು ಹೇಳಿದರು. "ಗುಡಿ ಒಳಗೆ ಹೋಗೋ ಆಸೆ ಅವರಿಗೆ ಅಷ್ಟಿರಲಿಲ್ಲಪ್ಪಾ. 'ಚಪ್ಪಲಿ ಬಿಡೋ ಜಾಗದ ತನಕ ಹೋದ್ರೆ ಸಾಕು ಕಣೆ. ಅಲ್ಲಿ ಸಾಲಾಗಿ ಬಿಟ್ಟಿರ್ತಾರಲ್ಲ, ಅದರಲ್ಲಿ ನನ್ನ ಕೈಯಿಂದ ಆದದ್ದು ಎಷ್ಟು ಅಂತ ನೋಡ್ಬೇಕು' ಅಂತಿದ್ರು."

ನಾನು ಬೂಟಿಗೆ ಕಾಲಿಟ್ಟೆ. ಅಳತೆ ತೆಗೆದು ಹೊಲಿದಂತೆ ಕೂತಿತು. ಅವಳು ಕೆಳಗೆ ಕೂತು ಲೇಸು ಬಿಗಿದಳು. ಬಿಗಿಯುತ್ತಾ ತಲೆ ಎತ್ತಿದಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಒಂದೇ ಮಾತು. ಇದನ್ನ ಹೊತ್ಕೊಂಡು ಹೋಗ್ಬೇಡಿ, ನಡೆಸ್ಕೊಂಡು ಹೋಗಿ. ಕೆಳಗಿಂದ ಅಲ್ಲೀ ತನಕ. ಅಪ್ಪ ನಡೀತಿದ್ದಾರೆ ಅಂತ ನಾವಿಬ್ರೂ ಇಲ್ಲಿ ಕೂತು ಅಂದ್ಕೊಳ್ತೀವಿ."

"ನಡೆಸ್ತೀನಿ," ಎಂದೆ. ಆ ಕ್ಷಣಕ್ಕೆ ಅವಳಿಗಾಗಿ ಹದಿನಾರಲ್ಲ, ನೂರ ಅರವತ್ತು ಕಿಲೋಮೀಟರ್ ಬೇಕಾದರೂ ನಡೆಯುತ್ತಿದ್ದೆ. ಕೂತಲ್ಲೇ ನಡೆಯುವುದು ಸುಲಭ.

ನಡೆದದ್ದು ಆರು ಕಿಲೋಮೀಟರ್.

ಅದನ್ನು ಹೇಗೆ ಹೇಳಲಿ? ಆರರ ತನಕ ಚೆನ್ನಾಗೇ ಇತ್ತು. ಆಮೇಲೆ ದಾರಿ ಬೆಟ್ಟದ ಎದೆಗೆ ಅಂಟಿಕೊಂಡು ಸುತ್ತಿ ಸುತ್ತಿ ಏರತೊಡಗಿತು. ಉಸಿರು ಎಳೆದರೆ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ತಲೆ ಸಿಡಿಯುತ್ತಿತ್ತು. ಕೋಲು ಹಿಡಿದ ಎಪ್ಪತ್ತರ ಅಜ್ಜಿಯೊಬ್ಬರು ನನ್ನನ್ನು ದಾಟಿ ಹೋಗುತ್ತಾ, ಪಾಪ ಎನ್ನುವ ಹಾಗೆ ನೋಡಿದರು. ಭಾವ ಹೊಟ್ಟೆ ಹೊತ್ತುಕೊಂಡು ಏದುಸಿರು ಬಿಡುತ್ತಲೇ ಎರಡು ತಿರುವು ಮುಂದೆ ಹೋಗಿದ್ದ. ನಾನು ಒಂದು ಬಂಡೆಯ ಮೇಲೆ ಕೂತೆ. ಅದರ ಪಕ್ಕದಲ್ಲೇ ಕುದುರೆಯವನು ನಿಂತಿದ್ದ. ಕುದುರೆಯ ಬೆನ್ನು ಎರಡು ಸಲ ತಟ್ಟಿದ, ಅಷ್ಟೇ.

ಎರಡು ತಿರುವಿನ ತನಕ ಮಾತ್ರ ಎಂದುಕೊಂಡು ಹತ್ತಿದೆ. ಎರಡು ತಿರುವಾಯಿತು, ಇಳಿಯಲಿಲ್ಲ. ಭಾವನನ್ನು ದಾಟುವಾಗ ಮುಖ ಆಚೆ ತಿರುಗಿಸಿಕೊಂಡೆ. "ಲೇ, ಮಹಾರಾಜ!" ಎಂದು ಅವನು ಹಿಂದಿನಿಂದ ಕೂಗಿದ್ದು ಕೇಳಿಸಿತು. ಕೊನೆಯ ತಿರುವಿನಲ್ಲಿ ಇಳಿದು, ಇನ್ನೂರು ಹೆಜ್ಜೆ ನಡೆದು, ಬೂಟು ಬಿಚ್ಚಿ ಸಾಲಿನಲ್ಲಿಟ್ಟೆ. ಒಳಗೆ ಹೋಗಿ ಕೈಮುಗಿದೆ. ಏನು ಬೇಡಿಕೊಂಡೆ ಅಂತ ನೆನಪಿಲ್ಲ. ಹೊರಗೆ ಸಾವಿರ ಚಪ್ಪಲಿಗಳ ನಡುವೆ ಆ ಕಂದು ಬೂಟು ಏನೂ ದಣಿಯದೆ, ಮದುವೆಗೆ ಬಂದ ನೆಂಟರಂತೆ ಕೂತಿತ್ತು. ಅದನ್ನು ನೋಡಿ ನಾಚಿಕೆಯಾಯಿತು. ಆದರೂ ಇಳಿಯುವಾಗ ಮತ್ತೆ ಅದೇ ಕುದುರೆ. ಒಂದು ಸಲ ನಾಚಿಕೆ ನುಂಗಿದವನಿಗೆ ಎರಡನೇ ತುತ್ತು ಕಷ್ಟವಾಗಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ಹೇಳಿಕೊಳ್ಳಬಹುದಿತ್ತು. ಇದಾದ ಮೇಲೆ ಮಾಡಿದ್ದನ್ನು ಹೇಳಲು ಇವತ್ತಿಗೂ ನಾಲಿಗೆ ಏಳುವುದಿಲ್ಲ.

ಮರುದಿನ ಮಧ್ಯಾಹ್ನ, ಕೆಳಗಿನ ಲಾಡ್ಜಿನಲ್ಲಿ ಭಾವ ಗೊರಕೆ ಹೊಡೆಯುತ್ತಿದ್ದಾಗ, ಬೂಟು ತಿರುಗಿಸಿ ನೋಡಿದೆ. ಸೋಲಿನ ಗೆರೆಗಳು ಇನ್ನೂ ಚೂಪಾಗಿದ್ದವು. ಹದಿನಾರು ಕಿಲೋಮೀಟರ್ ಹತ್ತಿ ಇಳಿದ ಬೂಟು ಎಂದು ಯಾರೂ ನಂಬುವ ಹಾಗಿರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬೂಟು ಹಿಡಿದು, ಸೋಲನ್ನು ಕಲ್ಲಿಗೆ ಉಜ್ಜಿದೆ. ಕಾಲು ಗಂಟೆ ಉಜ್ಜಿದೆ. ಉಜ್ಜಿದ ಮೇಲೆ ಮಣ್ಣು ಮೆತ್ತಿದೆ. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ.

ಊರಿಗೆ ಬಂದೆ. ಬೂಟುಗಳನ್ನು ಅವರ ಕೆಲಸದ ಮೇಜಿನ ಮೇಲಿಟ್ಟೆ. ಅವಳು ಎದ್ದು ನಿಂತಳು.

"ಹೋಗಿ ಬಂತಾ?"

"ಹೋಗಿ ಬಂತು."

"ನಡೆದು?"

"ನಡೆದೇ."

ಅಮ್ಮ ಎರಡೂ ಕೈ ಚಾಚಿ ಬೂಟು ತೆಗೆದುಕೊಂಡರು. ಮಡಿಲಲ್ಲಿಟ್ಟುಕೊಂಡು, ಸೋಲಿನ ಮೇಲೆ ಹೆಬ್ಬೆರಳು ಓಡಿಸಿದರು. ಹಿಮ್ಮಡಿಯಿಂದ ತುದಿಯ ತನಕ, ಮತ್ತೆ ತುದಿಯಿಂದ ಹಿಮ್ಮಡಿಗೆ. ನಡುವೆ ಒಂದು ಕಡೆ ಬೆರಳು ನಿಂತಿತು.

"ಕಾಲು ನೊಂದಿತಾ ಅಪ್ಪಾ?"

"ಒಂಚೂರೂ ಇಲ್ಲಮ್ಮ."

"ಹೌದಾ," ಎಂದರು. ಬೂಟು ಮಡಿಲಿನಿಂದ ಇಳಿಸಿ ಮೇಜಿನ ಮೇಲಿಟ್ಟರು.

ಆ 'ಹೌದಾ' ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ಆದರೆ ಅವಳು ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ದಾರಿ ಹೇಗಿತ್ತು, ಕಲ್ಲು ಯಾವ ಬಣ್ಣ, ಎಲ್ಲೆಲ್ಲಿ ಕೂತಿರಿ. ಕುದುರೆಯ ಮೇಲಿನಿಂದ ಕಂಡದ್ದನ್ನೆಲ್ಲ ನೆಲದ ಮೇಲಿಂದ ಕಂಡಂತೆ ಬಣ್ಣಿಸಿದೆ. ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ಅವಳು ಅಷ್ಟು ಹೊತ್ತು ನನ್ನ ಮುಖ ನೋಡಿದ್ದು ಅದೇ ಮೊದಲು. ಬಯಸಿದ್ದು ಸಿಕ್ಕಿತ್ತು.

ಆಮೇಲಿನ ದಿನಗಳಲ್ಲಿ ನಾನು ಕಳ್ಳನ ಹಾಗೆ ಬದುಕಿದೆ. ಭಾವ, "ನನ್ನ ಬೂಟಿನ ಹೊಲಿಗೆ ಬಿಟ್ಟಿದೆ, ನಿನ್ನ ಆ ಹುಡುಗಿ ಅಂಗಡಿಗೇ ಕೊಡೋಣ" ಎಂದ. "ಅಲ್ಲಿ ಬೇಡ, ಅವರು ಸರಿ ಮಾಡಲ್ಲ," ಎಂದೆ. ಅವರಷ್ಟು ಚೆನ್ನಾಗಿ ಮಾಡುವವರು ಊರಲ್ಲೇ ಇರಲಿಲ್ಲ. ಭಾವನನ್ನು ಊರಾಚೆಯ ಇನ್ನೊಂದು ಅಂಗಡಿಗೆ ಕರೆದುಕೊಂಡು ಹೋದೆ. ಒಂದು ಸುಳ್ಳು ಮುಚ್ಚಲು ಅವಳ ಕೆಲಸಕ್ಕೇ ಹೆಸರು ಕೆಡಿಸಿದ್ದೆ.

ಇನ್ನೊಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ಅವಳು ಆ ಬೂಟನ್ನು ಮತ್ತೆ ಮೇಲಿನ ಹಲಗೆಗೆ ಏರಿಸಿರಲಿಲ್ಲ. ಅದು ಮೇಜಿನ ಮೂಲೆಯಲ್ಲೇ, ಸೋಲ್ ಮೇಲೆ ಮಾಡಿಕೊಂಡು ಬಿದ್ದಿತ್ತು.

ಒಂದು ಬೆಳಿಗ್ಗೆ ಅವಳು ನನ್ನ ಅಂಗಡಿಗೆ ಬಂದಳು.

"ನಿಮ್ಮ ಹತ್ರ ಸಣ್ಣ ಭೂತಗನ್ನಡಿ ಇದೆಯಲ್ಲ, ಕಣ್ಣಿಗೆ ಸಿಕ್ಕಿಸ್ಕೊಳ್ಳೋದು. ಎರಡು ದಿನ ಕೊಡ್ತೀರಾ?"

"ಯಾ... ಯಾಕೆ?"

"ಒಂದು ಸ್ವಲ್ಪ ಸರಿಯಾಗಿ ನೋಡೋದಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಭೂತಗನ್ನಡಿಯನ್ನು ಹಿಂದಕ್ಕೆ ಸರಿಸಿತು. ಅವಳು ಅದನ್ನು ನೋಡಿ, "ಕೊಡೋಕೆ ಇಷ್ಟ ಇಲ್ಲ ಅಂದ್ರೆ ಬೇಡ ಬಿಡಿ," ಎಂದಳು. "ಇಲ್ಲ ಇಲ್ಲ, ತಗೊಳ್ಳಿ," ಎಂದು ನನ್ನ ಮರ್ಯಾದೆಯನ್ನು ನಾನೇ ಡಬ್ಬಿಯಲ್ಲಿ ಹಾಕಿ ಅವಳ ಕೈಗೆ ಕೊಟ್ಟೆ.

ಎರಡು ದಿನ ಗಿರಾಕಿಗಳಿಗೆ ಎಡಗಣ್ಣಿನ ಗಾಜು ಬಲಕ್ಕೆ ಹಾಕಿದೆ. ಮೂರನೆಯ ದಿನ ಮಧ್ಯಾಹ್ನ ಅಂಗಡಿಗೆ ಬಾಗಿಲು ಎಳೆದು, ನಾಲ್ಕು ಅಂಗಡಿಗಳನ್ನು ದಾಟಿದೆ. ಆ ನಾಲ್ಕು ಅಂಗಡಿಗಳು ಆ ಬೆಟ್ಟಕ್ಕಿಂತ ಉದ್ದವಾಗಿದ್ದವು.

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು. ಅವರ ಕಣ್ಣಲ್ಲಿ ನನ್ನ ಭೂತಗನ್ನಡಿ ಇತ್ತು. ಅವಳು ಅಂಟು ಹಚ್ಚುತ್ತಿದ್ದಳು. ಗಿರಾಕಿ ಯಾರೂ ಇರಲಿಲ್ಲ.

"ನಾನು ನಡೀಲಿಲ್ಲ," ಎಂದೆ.

ಅವಳ ಕೈ ನಿಂತಿತು.

"ಆರು ಕಿಲೋಮೀಟರ್ ನಡೆದೆ. ಆಮೇಲೆ ಉಸಿರು ಸಿಗ್ಲಿಲ್ಲ. ಹೆದ್ರಿಕೆ ಆಯ್ತು. ಕುದುರೆ ಹತ್ತಿದೆ. ಕೊನೇಲಿ ಇನ್ನೂರು ಹೆಜ್ಜೆ ನಡೆದಿದ್ದೆ ಅಷ್ಟೇ. ಬರ್ತಾನೂ ಕುದುರೆ. ಆಮೇಲೆ... ಸೋಲನ್ನ ಬಟ್ಟೆ ಒಗೆಯೋ ಕಲ್ಲಿಗೆ ಉಜ್ಜಿದೆ. ಸವೆದ ಹಾಗೆ ಕಾಣ್ಲಿ ಅಂತ."

ಹೊರಗೆ ಒಂದು ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು. ಅಮ್ಮ ಭೂತಗನ್ನಡಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಗೊತ್ತಪ್ಪಾ," ಎಂದರು.

"ಈ ಗಾಜಿನಲ್ಲಿ ನೋಡಿದ್ರಾ?"

"ಇದು ಅಮ್ಮನಿಗೆ ಸೂಜಿ ಕಣ್ಣು ಕಾಣೋಕೆ ಅಂತ ತಂದಿದ್ದು," ಎಂದಳು ಅವಳು. ದನಿ ಒಣಗಿತ್ತು. "ಬೂಟು ನೋಡೋಕೆ ನಮಗೆ ಗಾಜು ಬೇಕಾ? ನೀವು ಮೇಜಿನ ಮೇಲೆ ಇಟ್ಟ ತಕ್ಷಣ ಗೊತ್ತಾಯ್ತು."

ಅವಳು ಬೂಟು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದಳು. "ಬೆಟ್ಟ ಹತ್ತೋರಿಗೆ ಮೊದಲು ತುದಿ ಸವೆಯುತ್ತೆ, ಇಳಿಯೋರಿಗೆ ಹಿಮ್ಮಡಿ. ನಿಮ್ಮದು ಅಡ್ಡಡ್ಡ ಸವೆದಿದೆ, ಎಲ್ಲಾ ಕಡೆ ಒಂದೇ ಸಮ. ಅಡ್ಡಡ್ಡ ಯಾರು ನಡೀತಾರೆ, ಏಡಿನಾ? ಇಲ್ಲಿ ನೋಡಿ, ನಡುವೆ. ಇಲ್ಲಿ ನೆಲ ಮುಟ್ಟೋದೇ ಇಲ್ಲ. ಇಲ್ಲಿ ಒಂದು ಗೆರೆ ಬಿದ್ದಿದೆ. ಇದು ಕುದುರೆ ಮೇಲೆ ಕೂತಾಗ ಕಾಲಿಡ್ತಾರಲ್ಲ, ಆ ಕಬ್ಬಿಣದ ಗುರುತು. ಇಂಥ ಗುರುತು ವರ್ಷಕ್ಕೆ ಐವತ್ತು ನೋಡ್ತೀವಿ. ಅವರು ಯಾರೂ ನಾಚ್ಕೊಳಲ್ಲ. 'ಕುದುರೆ ಮೇಲೆ ಹೋದೆ' ಅಂತ ಹೇಳ್ತಾರೆ, ಸೋಲ್ ಹಾಕ್ಕೊಡ್ತೀವಿ, ಹೋಗ್ತಾರೆ."

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅವರಿಬ್ಬರಿಗೂ ಗೊತ್ತಿದ್ದಾಗಲೇ ನಾನು ಗಲ್ಲಕ್ಕೆ ಕೈ ಕೊಟ್ಟು ಕೂತವಳ ಮುಂದೆ ಕಲ್ಲಿನ ಬಣ್ಣ ಬಣ್ಣಿಸಿದ್ದೆ.

"ಹಾಗಿದ್ರೆ ಅವತ್ತು ಯಾಕೆ ಅಷ್ಟೆಲ್ಲ ಕೇಳಿದ್ರಿ?"

"ಎಲ್ಲಾದ್ರೂ ಒಂದು ಕಡೆ ನಿಲ್ಲಿಸಿ ನಿಜ ಹೇಳ್ತೀರೇನೋ ಅಂತ." ಅವಳು ಬೂಟನ್ನು ಮೇಜಿನ ಮೇಲಿಟ್ಟಳು. "ಕುದುರೆ ಹತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ. ಉಸಿರು ಯಾರಿಗೆ ಬೇಡ? ಆದ್ರೆ ಈ ಸೋಲ್ ಅಪ್ಪ ಕೊನೆಯದಾಗಿ ಹಾಕಿದ್ದು. ಇದರ ಮೇಲೆ ಅವರ ಕೈ ಇತ್ತು. ಅದನ್ನ ಕಲ್ಲಿಗೆ ಉಜ್ಜಿದ್ರಲ್ಲ... ಯಾಕೆ?"

"ನೀವು ಅವತ್ತು ಲೇಸು ಕಟ್ತಾ ನನ್ನನ್ನ ಒಂದು ಥರ ನೋಡಿದ್ರಿ," ಎಂದೆ. "ಅದು ಮತ್ತೆ ಸಿಗಲ್ಲ ಅಂತ ಹೆದರಿದೆ. ನನಗೆ ನೀವಂದ್ರೆ ಇಷ್ಟ. ಹೇಳೋಕೆ ಇದಕ್ಕಿಂತ ಕೆಟ್ಟ ಹೊತ್ತು ಇರ್ಲಿಕ್ಕಿಲ್ಲ."

"ಇಲ್ಲ," ಎಂದಳು ಅವಳು. "ಇದಕ್ಕಿಂತ ಕೆಟ್ಟ ಹೊತ್ತು ಇಲ್ಲ. ಹೋಗಿ."

ಹೊರಟೆ. ಹೊಸಿಲು ದಾಟುವಾಗ ಅಮ್ಮನ ದನಿ ಬಂತು, ನನಗಲ್ಲ, ಮಗಳಿಗೆ. "ಆರು ಕಿಲೋಮೀಟರ್ ಆದ್ರೂ ನಿಮ್ಮಪ್ಪ ನಡೆದ್ರಲ್ಲೇ. ಇನ್ನು ಹತ್ತು ಉಳಿದಿದೆ."

ಹಿಂದೆ ಸುತ್ತಿಗೆ ಬಡಿಯುವ ಸದ್ದು ಶುರುವಾಯಿತು.

ತಿಂಗಳುಗಟ್ಟಲೆ ಆ ಕಡೆ ಹೋಗಲಿಲ್ಲ. ಸುತ್ತಿಗೆಯ ಸದ್ದು ನಾಲ್ಕು ಅಂಗಡಿ ದಾಟಿ ಬರುತ್ತಿತ್ತು, ಒಂದೇ ಸಮನಾಗಿ. ಭಾವನಿಗೆ ಎಲ್ಲ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಕುದುರೆ ಮೇಲೆ ಕೂತಾಗ ನೀನು ಮುಖ ಆಚೆ ತಿರುಗಿಸಿದೆ ನೋಡು, ಆಗಲೇ ಅಂದ್ಕೊಂಡೆ, ಇವನು ಎಲ್ಲೋ ಎಡವ್ತಾನೆ ಅಂತ," ಎಂದ.

ನಮ್ಮ ಊರಿನ ಅಂಚಿನಲ್ಲಿ ನೀರಿನ ಟ್ಯಾಂಕ್ ಇರುವ ಗುಡ್ಡವಿದೆ. ಮುನ್ನೂರ ಹನ್ನೆರಡು ಮೆಟ್ಟಿಲು. ಅವಳು 'ಹೋಗಿ' ಅಂದ ಮರುದಿನ ಬೆಳಿಗ್ಗೆಯಿಂದಲೇ ಅದನ್ನು ಹತ್ತಲು ಶುರುಮಾಡಿದ್ದೆ. ಯಾರಿಗೂ ಹೇಳಲಿಲ್ಲ, ಹೇಳಿಕೊಳ್ಳುವ ಚಟದಿಂದ ಸಾಕಷ್ಟು ಅನುಭವಿಸಿದ್ದೆ. ಮೊದಲ ವಾರ ನಡುವೆ ಒಂಬತ್ತು ಸಲ ಕೂತೆ. ಚಳಿಗಾಲ ಬರುವ ಹೊತ್ತಿಗೆ ಒಂದು ಸಲ. ಆಮೇಲೆ ಎರಡು ಸುತ್ತು, ಮೂರು ಸುತ್ತು. ಅದೇ ಪಾಲಿಶ್ ಶೂಸಲ್ಲಿ. ಪಾಲಿಶ್ ಹೋಯಿತು, ಹೊಲಿಗೆ ಬಿಟ್ಟಿತು, ಬಲಗಾಲಿನ ತುದಿ ಬಾಯಿ ತೆರೆಯಿತು.

ಚಳಿ ಇಳಿಯುತ್ತಿದ್ದ ಒಂದು ದಿನ ಅಂಗಡಿಯ ಬಾಗಿಲಲ್ಲಿ ಅವಳು ನಿಂತಿದ್ದಳು.

"ಅಮ್ಮನ ಕನ್ನಡಕದ ಕಡ್ಡಿ ಸಡಿಲ ಆಗಿದೆ," ಎಂದಳು. "ಈ ಸಲ ನಿಜವಾಗ್ಲೂ."

ಸ್ಕ್ರೂ ತರಲು ಪುಟ್ಟ ಏಣಿ ಹತ್ತಿದೆ. ಕೆಳಗಿನಿಂದ ಅವಳ ದನಿ ಬಂತು. "ಅಲ್ಲೇ ನಿಲ್ಲಿ. ಇಳೀಬೇಡಿ."

ನಾನು ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ ನಿಂತೆ. ಅವಳು ಬಗ್ಗಿ ನನ್ನ ಶೂಸಿನ ಅಟ್ಟೆ ನೋಡುತ್ತಿದ್ದಳು. ನನ್ನ ಕಾಲ ಹಿಮ್ಮಡಿಯನ್ನು ಒಂದು ಬೆರಳಿನಿಂದ ಎತ್ತಿದಳು, ಲಾಳ ಹೊಡೆಯುವವನು ಎತ್ತಿನ ಗೊರಸು ಎತ್ತಿದ ಹಾಗೆ. ತುದಿಯ ಮೇಲೆ ಹೆಬ್ಬೆರಳಾಡಿಸಿದಳು.

"ಮೆಟ್ಟಿಲು," ಎಂದಳು. "ದಿನಾ. ಟ್ಯಾಂಕ್ ಗುಡ್ಡನಾ?"

"ಹೌದು."

"ಎಷ್ಟು ದಿನದಿಂದ?"

"ನೀವು 'ಹೋಗಿ' ಅಂದ ಮರುದಿನದಿಂದ."

"ಯಾರಿಗೂ ಹೇಳ್ಲಿಲ್ಲ?"

"ಇಲ್ಲ."

ಅವಳು ಬಹಳ ಹೊತ್ತು ಆ ಹರಿದ ತುದಿಯನ್ನು ನೋಡಿದಳು. ಆಮೇಲೆ ಮುಖ ಎತ್ತಿದಾಗ, ಲೇಸು ಕಟ್ಟಿದ ದಿನದ ನೋಟ ಅಲ್ಲಿತ್ತು. ಸ್ವಲ್ಪ ಜಾಗರೂಕವಾಗಿ, ಬಾಗಿಲ ಸಂದಿಯಿಂದ ನೋಡುವ ಹಾಗೆ. ನನಗೆ ಖುಷಿಯಾಗುವುದಕ್ಕಿಂತ ಮೊದಲು ನಾಚಿಕೆಯಾಯಿತು.

"ಶೂಸ್ ಬಿಚ್ಚಿ ಕೊಡಿ, ಹೊಲೀತೀನಿ. ಬರಿಗಾಲಲ್ಲಿ ಕೂತಿರಿ ಸಂಜೆ ತನಕ." ಬಾಗಿಲ ಹತ್ತಿರ ನಿಂತು, ಬೆನ್ನು ಮಾಡಿಕೊಂಡೇ ಹೇಳಿದಳು, "ಅಪ್ಪನ ಬೂಟಿನ ಸೋಲ್ ನಾನು ಬದಲಾಯಿಸಿಲ್ಲ. ಉಳಿದ ಹತ್ತು ಕಿಲೋಮೀಟರಿಗೆ ಅದೇ ಸಾಕು."

ದಾರಿ ತೆರೆದ ಮೊದಲ ವಾರವೇ ಹೊರಟೆವು. ಅವಳು, ನಾನು, ಭಾವ, ಅವನ ಹೆಂಡತಿ ನನ್ನಕ್ಕ. "ನಾನಿಲ್ದೆ ಇವನನ್ನ ಬಿಟ್ರೆ ಆನೆ ಮೇಲೆ ಹೋಗ್ತಾನೆ," ಎಂದು ಭಾವ ಬಸ್ಸಿನಲ್ಲೇ ನನ್ನ ಮಾನ ಹರಾಜು ಹಾಕಿದ. ಅವಳು ನಕ್ಕಳು. ನನ್ನ ತಪ್ಪಿಗೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಅಳು ಬಂತು.

ಆರನೆಯ ಕಿಲೋಮೀಟರಿನ ಬಂಡೆ ಅಲ್ಲೇ ಇತ್ತು. ಕುದುರೆಯವನೂ ಇದ್ದ. ನನ್ನನ್ನು ನೋಡಿದವನೇ ಹಳೆಯ ನೆಂಟ ಸಿಕ್ಕಂತೆ ಹಲ್ಲು ಬಿಟ್ಟು, ಕುದುರೆಯ ಬೆನ್ನು ಎರಡು ಸಲ ತಟ್ಟಿದ. ನನ್ನ ಕಿವಿ ಬಿಸಿಯಾಯಿತು.

"ಇದೇನಾ?" ಎಂದು ಕೇಳಿದಳು.

"ಇದೇ."

ಅವಳು ಕುದುರೆಯ ಹತ್ತಿರ ಹೋಗಿ ಅದರ ಹಣೆ ಸವರಿದಳು. "ಪಾಪ, ಇದರದ್ದೇನು ತಪ್ಪು?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಬಗ್ಗಿ, ಸಡಿಲವಾಗಿದ್ದ ನನ್ನ ಬಲಗಾಲಿನ ಲೇಸು ಬಿಗಿದಳು. "ಇಲ್ಲಿಂದ ಅಪ್ಪನಿಗೆ ಹೊಸ ದಾರಿ. ನಿಧಾನವಾಗಿ ಕರ್ಕೊಂಡು ಹೋಗಿ."

ಟ್ಯಾಂಕ್ ಗುಡ್ಡ ಬೇರೆ, ಆ ಬೆಟ್ಟ ಬೇರೆ. ಹತ್ತನೆಯ ಕಿಲೋಮೀಟರಿಗೆ ಮತ್ತೆ ಅದೇ ತಲೆನೋವು, ಅದೇ ಗಂಟಲಲ್ಲಿ ನಿಂತ ಉಸಿರು. ನಾನು ಅದನ್ನು ಮುಚ್ಚಿಡಲು ಜೋರಾಗಿ ಹೆಜ್ಜೆ ಹಾಕಿದೆ. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಉಸಿರು ಸಿಗ್ತಿಲ್ಲ, ಅಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಅವಳು ಕಾಯುತ್ತಿದ್ದಳು.

"ಹೌದು," ಎಂದೆ. "ಸಿಗ್ತಿಲ್ಲ. ಹೆದ್ರಿಕೆ ಆಗ್ತಿದೆ."

"ಹಾಂ. ಈಗ ಸರಿ. ಕೂತ್ಕೊಳ್ಳಿ. ಇನ್ಮೇಲೆ ಇನ್ನೂರು ಹೆಜ್ಜೆ ನಡೆಯೋದು, ಕೂರೋದು. ಅಪ್ಪನಿಗೂ ಆತುರ ಇಲ್ಲ, ಮೂವತ್ತು ವರ್ಷ ಕಾದಿದ್ದಾರೆ. ತೀರಾ ಆಗ್ಲಿಲ್ಲ ಅಂದ್ರೆ ಹೇಳಿ, ಇಲ್ಲಿಂದಲೇ ಇಳಿದುಬಿಡೋಣ. ಮುಂದಿನ ವರ್ಷಾನೂ ಬೆಟ್ಟ ಇರುತ್ತೆ."

ಇಳಿಯಬೇಕಾಗಲಿಲ್ಲ. ಇನ್ನೂರು ಹೆಜ್ಜೆ, ಕೂರುವುದು. ಇನ್ನೂರು ಹೆಜ್ಜೆ, ಕೂರುವುದು. ಬೇರೆ ಯಾರಾದರೂ ನೋಡಿದರೆ ಇಬ್ಬರು ಸೋಮಾರಿಗಳು ಎನ್ನುತ್ತಿದ್ದರು. ಅಜ್ಜಿಯರು ದಾಟಿ ಹೋದರು, ಭಾವ ದಾಟಿ ಹೋದ. ಕುದುರೆಗಳು ಗಂಟೆ ಅಲ್ಲಾಡಿಸುತ್ತಾ ದಾಟಿ ಹೋದವು. ಅವಳು ಪ್ರತಿ ಸಲವೂ ನನ್ನ ಪಕ್ಕದಲ್ಲೇ ಕೂತಳು. ಒಂದು ಸಲ ಕೂತಾಗ ಮೇಣ ಹತ್ತಿದ ಆ ಬೆರಳುಗಳು ನನ್ನ ಬೆರಳುಗಳ ನಡುವೆ ಬಂದವು. ಏಳುವಾಗ ಅವಳು ಬಿಡಿಸಿಕೊಳ್ಳಲಿಲ್ಲ. ನಾನು ಆ ಕಡೆ ನೋಡಲಿಲ್ಲ, ನೋಡಿದರೆ ಎಲ್ಲಿ ತೆಗೆದುಬಿಡುತ್ತಾಳೋ ಎಂದು.

ಚಪ್ಪಲಿ ಬಿಡುವ ಜಾಗ ತಲುಪಿದಾಗ ಬಿಸಿಲು ಹಿಮದ ಮೇಲೆ ಹೊಳೆಯುತ್ತಿತ್ತು. ನಾನು ಬೂಟು ಬಿಚ್ಚಿದೆ. ಈ ಸಲ ಅದು ಧೂಳು ಕುಡಿದು, ಮೂತಿಯಲ್ಲಿ ಗೀರು ಬಿದ್ದು, ನನ್ನಷ್ಟೇ ದಣಿದಿತ್ತು. ಅವಳು ಅದನ್ನು ಎರಡು ಕೈಯಲ್ಲಿ ಎತ್ತಿ ಸಾಲಿನ ಮೊದಲಿಗಿಟ್ಟಳು, ಗುಡಿಯ ಕಡೆ ಮುಖ ಮಾಡಿ. ಆಮೇಲೆ ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತಾ ಹೋದಳು. "ಇದು ನಮ್ಮದು," ಎಂದಳು. ಸ್ವಲ್ಪ ಮುಂದೆ, "ಇದೂ ನಮ್ಮದು. ಅಪ್ಪನ ಹೊಲಿಗೆ." ಹನ್ನೊಂದು ಜೊತೆ ಸಿಕ್ಕವು. ಹನ್ನೊಂದನೆಯದರ ಹತ್ತಿರ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತೆ.

ದರ್ಶನ ಮುಗಿಸಿ ಬಂದು ಲೇಸು ಕಟ್ಟಿಕೊಳ್ಳುವಾಗ ಕೇಳಿಯೇಬಿಟ್ಟೆ. "ಅವತ್ತು ಕೆಟ್ಟ ಹೊತ್ತಲ್ಲಿ ಒಂದು ಮಾತು ಹೇಳಿದ್ದೆ."

"ನೆನಪಿದೆ."

"ಈಗ ಹೊತ್ತು ಹೇಗಿದೆ?"

"ಮೊದಲು ಕೆಳಗೆ ಇಳೀರಿ," ಎಂದಳು, ಕಣ್ಣಂಚಿನಲ್ಲಿ ನಗುತ್ತಾ. "ಇಳಿಯೋದೂ ನಡಿಗೇನೇ. ಹಿಮ್ಮಡಿ ನೋಡಿ ಆಮೇಲೆ ಹೇಳ್ತೀನಿ."

ಊರಿಗೆ ಬಂದ ದಿನ ಬಸ್ಸಿಳಿದು ನೇರ ಅಲ್ಲಿಗೇ ಹೋದೆವು. ಅಮ್ಮ ಎರಡೂ ಕೈ ಚಾಚಿದರು. ಬೂಟು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳು ಓಡಿಸಿದರು. ಹಿಮ್ಮಡಿಯಿಂದ ತುದಿಗೆ, ತುದಿಯಿಂದ ಹಿಮ್ಮಡಿಗೆ. ನಾನು ಉಜ್ಜಿದ ಗೆರೆಗಳ ಮೇಲೆ ಬೆಟ್ಟದ ಗೆರೆಗಳು ಬಿದ್ದಿದ್ದವು. ಆದರೂ ಹಳೆಯವು ಅಲ್ಲಲ್ಲಿ ಉಳಿದಿದ್ದವು. ಅವರ ಬೆರಳು ಅಲ್ಲಿ ಒಂದು ಕ್ಷಣ ನಿಂತದ್ದು ನನಗೆ ಕಂಡಿತು. ನಾನು ತಲೆ ತಗ್ಗಿಸಿದೆ.

"ಕಾಲು ನೊಂದಿತಾ ಅಪ್ಪಾ?"

"ತುಂಬಾ ನೊಂದಿತಮ್ಮ," ಎಂದೆ. "ನಲವತ್ತು ಕಡೆ ಕೂತೆ. ಒಂದು ಸಲ ಅತ್ತೆ ಕೂಡ."

ಅಮ್ಮ ಬೂಟನ್ನು ಎದೆಗೊತ್ತಿಕೊಂಡರು. ಕನ್ನಡಕದ ಕೆಳಗಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

ಅವಳು ಬೂಟು ತೆಗೆದುಕೊಂಡು ಹಿಮ್ಮಡಿ ನೋಡಿದಳು, ನನ್ನನ್ನು ನೋಡಿದಳು. ಬಟ್ಟೆ ಸುತ್ತಿ ಮೇಲಿನ ಹಲಗೆಗೆ ಏರಿಸಲು ಏಣಿ ಎಳೆದಳು.

"ಅಲ್ಲಿಡ್ಬೇಡ್ವೇ," ಎಂದರು ಅಮ್ಮ. "ಅದು ಹೋಗ್ಬೇಕಾದ ಕಡೆ ಹೋಗಿ ಬಂತು. ಇನ್ನು ಅದನ್ನ ಹಾಕ್ಕೊಳ್ಳೋನು ಹಾಕ್ಕೊಳ್ಳಲಿ. ಒಳಬಾಗಿಲ ಹತ್ರ ಇಡು, ನಮ್ಮ ಚಪ್ಪಲಿ ಬಿಡೋ ಜಾಗದಲ್ಲಿ."

ಅಂಗಡಿಯ ಹಿಂದೆಯೇ ಅವರ ಮನೆ. ಒಳಬಾಗಿಲ ಪಕ್ಕದಲ್ಲಿ ಎರಡೇ ಜೊತೆ ಚಪ್ಪಲಿ ಇದ್ದವು, ಅಮ್ಮನದು ಮತ್ತು ಅವಳದು. ಅವಳು ಏಣಿ ಬಿಟ್ಟು ಬಂದು, ಬೂಟನ್ನು ನನ್ನ ಕೈಗೆ ಕೊಟ್ಟಳು. ಬಗ್ಗಿ ತನ್ನ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

"ಇಡಿ," ಎಂದಳು. "ಇಟ್ಟು ಒಳಗೆ ಬನ್ನಿ."